ಕತ್ತಲಲ್ಲಿ ಅಳುವ ಪೆಟ್ಟಿಗೆ

"ಯಾರ ಕೂಸವ್ವಾ ಅದು? ಊಟದ ಹೊತ್ತಿನಿಂದ ಒಂದೇ ಸಮ ಅಳ್ತೈತಲ್ಲ" ಎಂದು ಪಕ್ಕದ ಮನೆಯ ದುರುಗಕ್ಕ ಗೋಡೆಯಾಚೆಯಿಂದ ಕೇಳಿದಾಗ ದ್ಯಾಮಮ್ಮ ಹೊಲಿಗೆ ಯಂತ್ರದ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸಿದಳು. ಒಳಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂತಿದ್ದ ಅವಳ ಗಂಡ ಹಾಲೇಶಪ್ಪನಿಗೆ ಆ ಪ್ರಶ್ನೆಯೂ ಕೇಳಿಸಿತು, ಯಂತ್ರ ನಿಂತದ್ದೂ ಕೇಳಿಸಿತು. ಹೆಂಡತಿ ಏನು ಉತ್ತರ ಕೊಡುತ್ತಾಳೋ ಎಂದು ಕಾದ.

ಆ ಮನೆಯಲ್ಲಿ ಕೂಸಿರಲಿಲ್ಲ. ಬಹಳ ಹಿಂದೆ ಒಂದು ಹೆಣ್ಣು ಕೂಸು ಹುಟ್ಟಿ, ಹೆಸರಿಡುವ ಮೊದಲೇ ಹೋಗಿತ್ತು. ಅದರ ಮಾತನ್ನು ಗಂಡಹೆಂಡಿರಿಬ್ಬರೂ ಎತ್ತುತ್ತಿರಲಿಲ್ಲ. ಈಗ ಅಳುತ್ತಿದ್ದದ್ದು ಹಾಲೇಶಪ್ಪನ ಮೇಜಿನ ಮೇಲಿದ್ದ ಒಂದು ತೇಗದ ಪೆಟ್ಟಿಗೆ.

ಅಳುವೆಂದರೆ ನಿಜವಾಗಿ ಅಳುವೇ. ಸಣ್ಣಗೆ ಶುರುವಾಗಿ ಏರುವುದು, ಏರಿದಲ್ಲೇ ನಡುಗುವುದು, ಉಸಿರು ಸಾಲದ ಹಾಗೆ ಇಳಿಯುವುದು, ಮತ್ತೆ ಏರುವುದು. ದ್ಯಾಮಮ್ಮ ಎದ್ದು ಬರುವ ಬಳೆ ಸದ್ದಾಯಿತು. ಕೋಣೆಯ ಬಾಗಿಲು ತೆರೆಯಿತು. ತೆರೆದ ಕೂಡಲೇ ಅಳು ನಿಂತಿತು. ಪೆಟ್ಟಿಗೆಯಿಂದ ಒಂದೇ ಒಂದು ಸ್ವರ, ತಂಬೂರಿಯ ತಂತಿ ಮೀಟಿದ ಹಾಗೆ, ನೆಟ್ಟಗೆ ಹೊರಟಿತು.

"ನೀನು ಏನು ಮುಟ್ಟಿದೆ?" ಎಂದ ಹಾಲೇಶಪ್ಪ.

"ನಾನೇನು ಮುಟ್ಲಿ? ಹೊಸಲಿನಾಗೇ ನಿಂತೀನಿ."

"ಒಳಗಿನ ಗಾಜಿನ ಕೊಳವೆ ಹತ್ತೈತಾ ನೋಡು."

"ಹತ್ತೈತೆ ರೀ. ನಾನು ನೋಡಿದಾಗೆಲ್ಲ ಅದು ಹತ್ತೇ ಇರ್ತೈತೆ."

ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.

ಹಾಲೇಶಪ್ಪ ಚನ್ನಗಿರಿಯ ಕೋಟೆ ಕೆಳಗಿನ ಓಣಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಬಸವಾಪಟ್ಟಣದಿಂದ, ಸೂಳೆಕೆರೆಯ ಸುತ್ತಲಿನ ಹಳ್ಳಿಗಳಿಂದ ಜನ ಒಳಗೆ ಬಲ್ಬಿನಂತೆ ಉರಿಯುವ ವಾಲ್ವುಗಳಿದ್ದ ದೊಡ್ಡ ದೊಡ್ಡ ರೇಡಿಯೋಗಳನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅವನಲ್ಲಿಗೆ ತರುತ್ತಿದ್ದರು. ಆಗಲೇ ಅವನ ಕಣ್ಣು ಕಡಿಮೆಯಾಗತೊಡಗಿತು. ಮೊದಲು ಅಂಚುಗಳು ಹೋದವು. ಆಮೇಲೆ ಯಾರೋ ಲಾಟೀನಿನ ಬತ್ತಿ ಇಳಿಸುತ್ತ ಬಂದ ಹಾಗೆ ನಡುವಿನದೂ ಹೋಯಿತು. ದಾವಣಗೆರೆಯ ಕಣ್ಣಿನ ಡಾಕ್ಟರು ನರ ಒಣಗಿದೆ, ಇದಕ್ಕೆ ಔಷಧವಿಲ್ಲ ಎಂದರು. ನಲವತ್ತು ತುಂಬುವ ಹೊತ್ತಿಗೆ ಅವನಿಗೆ ಹಗಲೂ ಇರುಳೂ ಒಂದೇ ಆಗಿತ್ತು.

ಆದರೂ ಕೈ ಕೆಲಸ ಮರೆಯಲಿಲ್ಲ. ಟ್ರಾನ್ಸಿಸ್ಟರ್ ಸೆಟ್ಟುಗಳನ್ನು ಬಿಟ್ಟುಬಿಟ್ಟ. ಅದರ ಬಿಡಿಭಾಗಗಳು ಸಾಸಿವೆ ಕಾಳಿನಂತೆ ಬೆರಳಿನಿಂದ ಜಾರುತ್ತಿದ್ದವು. ವಾಲ್ವಿನ ಸೆಟ್ಟುಗಳಲ್ಲಿ ಎಲ್ಲವೂ ದೊಡ್ಡದು. ಯಾವುದು ಎಲ್ಲಿದೆ ಎಂದು ತಡವಿದರೆ ತಿಳಿಯುತ್ತಿತ್ತು. ಬೆಸುಗೆ ಹಾಕುವ ಕಾದ ಕಬ್ಬಿಣದ ಬಿಸಿಯನ್ನು ಕೆನ್ನೆಯ ಹತ್ತಿರ ಹಿಡಿದು ಅಳೆಯುತ್ತಿದ್ದ. ಬೆಸುಗೆ ಕೂತಿತೋ ಇಲ್ಲವೋ ಎಂದು ಉಗುರಿನಿಂದ ಕೆರೆದು ನೋಡುತ್ತಿದ್ದ.

ಅವನ ಅಣ್ಣ ಪಂಚಾಕ್ಷರಪ್ಪ ಜಗಳೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಅವನಿಗೆ ತಮ್ಮನ ಈ ಕೆಲಸ ಕಂಡರೆ ಭಯ. ಭಯಕ್ಕೆ ಕಾರಣವೂ ಇತ್ತು. ಗೋಡೆಯ ಕರೆಂಟು ವಾಲ್ವ್ ಸೆಟ್ಟಿನ ಒಳಗೆ ಹೋಗಿ ಮುನ್ನೂರು ವೋಲ್ಟಿನ ಡಿಸಿ ಆಗುತ್ತದೆ. ಒಂದೇ ದಿಕ್ಕಿಗೆ ಹರಿಯುವ ಕರೆಂಟು ಅದು. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರ್ ಎಂಬ ಡಬ್ಬಿಯಲ್ಲಿ ಅದು ತುಂಬಿಕೊಂಡೇ ಇರುತ್ತದೆ. ಹೊನ್ನಾಳಿಯಲ್ಲಿ ಎರಡೂ ಕಣ್ಣು ನೆಟ್ಟಗಿದ್ದ ಮೆಕ್ಯಾನಿಕ್ ಒಬ್ಬ, ಪ್ಲಗ್ ಕಿತ್ತು ಪಕ್ಕಕ್ಕಿಟ್ಟಿದ್ದ ಸೆಟ್ಟಿನೊಳಗೆ ಕೈ ಹಾಕಿ ಕೂತಲ್ಲೇ ಹೋಗಿಬಿಟ್ಟಿದ್ದ.

ಹಾಲೇಶಪ್ಪ ಅದಕ್ಕೊಂದು ರೂಢಿ ಮಾಡಿಕೊಂಡಿದ್ದ. ಸೆಟ್ಟು ಆರಿಸಿದ ಮೇಲೆ, ತುದಿಗೆ ತಂತಿ ಕಟ್ಟಿದ ಬಿದಿರುಕಡ್ಡಿಯನ್ನು ಕಂಡೆನ್ಸರಿಗೆ ಮುಟ್ಟಿಸುವನು. ಚಟ್ ಎನ್ನುವುದು. ಆಗ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ನಮಃ ಶಿವಾಯ ಎನ್ನುತ್ತ ಕೂರುವನು. ಆಮೇಲೆ ಇನ್ನೊಮ್ಮೆ ಮುಟ್ಟಿಸುವನು. ಇನ್ನೊಂದು ಚಟ್, ಚಿಕ್ಕದು. ಪೂರ್ತಿ ಖಾಲಿ ಮಾಡಿದ ಡಬ್ಬಿ ಸುಮ್ಮನೆ ಬಿಟ್ಟರೆ ತಾನಾಗಿಯೇ ಮತ್ತೆ ಕೊಂಚ ತುಂಬಿಕೊಳ್ಳುತ್ತದೆ. ಅದು ಈ ಕಸುಬಿನವರಿಗೆಲ್ಲ ಗೊತ್ತಿರುವ ವಿಷಯ. ಗೊತ್ತಿದ್ದರೂ ಆ ಎರಡನೆಯ ಸದ್ದಿಗೆ ಅವನ ಬೆನ್ನು ಪ್ರತಿ ಸಲವೂ ತಣ್ಣಗಾಗುತ್ತಿತ್ತು. ಸತ್ತದ್ದು ಮಗ್ಗುಲು ಬದಲಿಸಿದ ಹಾಗೆ.

ಸೂಳೆಕೆರೆಯ ದಂಡೆಯ ಒಂದು ಹಳ್ಳಿಯಲ್ಲಿ ಹಳೆಯ ಗದ್ದುಗೆಯೊಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ತಿಪ್ಪೇರುದ್ರಸ್ವಾಮಿ ಎಂಬ ವಯಸ್ಸಾದ ಅಯ್ಯನವರು. ಸೋಮವಾರದ ಭಜನೆಗೆ ಹಾರ್ಮೋನಿಯಂ ನುಡಿಸುವವನು ತೀರಿಕೊಂಡಿದ್ದ, ಹಾರ್ಮೋನಿಯಮ್ಮಿನ ತಿದಿಯನ್ನು ಇಲಿ ಕಡಿದಿತ್ತು. ಭಕ್ತರೊಬ್ಬರು ಕೊಟ್ಟಿದ್ದ ಹಳೆಯ ವಾಲ್ವ್ ರೇಡಿಯೋ ಒಂದನ್ನು ಹೊರಿಸಿಕೊಂಡು ಅವರು ಹಾಲೇಶಪ್ಪನಲ್ಲಿಗೆ ಬಂದರು.

"ಇದರಾಗೆ ಹಾಡು ಬ್ಯಾಡ, ವಾರ್ತೆ ಬ್ಯಾಡ. ಒಂದೇ ಒಂದು ಸ್ವರ ಬರಂಗೆ ಮಾಡ್ಕೊಡಪ್ಪ, ನಾವು ಶ್ರುತಿ ಹಿಡಿಯಾಕೆ. ಭಜನೆ ಮುಗಿಯೋ ತನಕ ಅದು ಅಲ್ಲಾಡಬಾರದು, ನೋಡು."

"ಮಾಡ್ತೀನಿ ಅಯ್ನೋರೆ."

ಅಂದು ಪಂಚಾಕ್ಷರಪ್ಪ ಅಲ್ಲೇ ಇದ್ದ. ಅಯ್ಯನವರು ಹೋದ ಮೇಲೆ ತಮ್ಮನ ಎದುರು ಸ್ಟೂಲು ಎಳೆದು ಕೂತ.

"ಹಾಲೇಶಿ, ನಾನು ಒಂದು ಮಾತು ಹೇಳ್ತೀನಿ, ಸಿಟ್ಟು ಮಾಡ್ಕಬ್ಯಾಡ. ಈ ಪೆಟ್ಟಿಗೆ ನೀನೊಬ್ಬನೇ ಮಾಡು. ದ್ಯಾಮವ್ವನ ಕಣ್ಣು ಸಾಲ ತಗಳ್ಳಂಗಿಲ್ಲ. ಅದು ಗದ್ದುಗೆ ಮುಂದೆ ನೆಟ್ಟಗೆ ನುಡೀತು ಅಂದ್ರೆ, ನಾನು ಇನ್ನು ಈ ಅಂಗಡಿ ವಿಷಯ ಎತ್ತಲ್ಲ. ಇಲ್ಲಾಂದ್ರೆ ಬಾಗಿಲು ಹಾಕಿ ಇಬ್ರೂ ಜಗಳೂರಿಗೆ ಬಂದುಬಿಡ್ರಿ. ನಮ್ಮ ಬಟ್ಟೆ ಅಂಗಡಿ ಗಾದಿ ಮೇಲೆ ಕೂತ್ಕೊ, ಬಂದೋರ್ನ ಮಾತಾಡಿಸ್ಕಂಡಿರು. ಉಣ್ಣಾಕೇನು ಕಮ್ಮಿ?"

"ಬಂದೋರ್ಗೆ ಸೀರೆ ಬಣ್ಣ ಹೆಂಗೈತೆ ಅಂತ ನಾನೇ ಹೇಳ್ಬೇಕೇನು?" ಎಂದ ಹಾಲೇಶಪ್ಪ.

ಪಂಚಾಕ್ಷರಪ್ಪ ನಗಲಿಲ್ಲ. "ನಿನ್ನ ಹೆಣ ಎತ್ತಾಕೆ ನಾನು ಬಸ್ಸು ಹತ್ತಿ ಬರಂಗಾಗಬಾರದು. ಅಷ್ಟೇ."

ಅಣ್ಣನ ದನಿಯಲ್ಲಿ ಕಪಟವಿರಲಿಲ್ಲ. ಅದಕ್ಕೇ ಹಾಲೇಶಪ್ಪನಿಗೆ ಎದುರಾಡಲು ಆಗಲಿಲ್ಲ. ಆಗಲಿ ಎಂದ. ಜಗಳೂರಿನ ಮನೆಯನ್ನು ಅವನು ಬಲ್ಲ. ಅಲ್ಲಿ ಎಲ್ಲರೂ ಒಳ್ಳೆಯವರು, ಕೈಗೆ ಲೋಟ ತಂದುಕೊಡುವವರು. ಅಲ್ಲಿ ತನ್ನ ಹತ್ತು ಬೆರಳೂ ಒಂದೊಂದಾಗಿ ಸಾಯುತ್ತವೆ ಎಂಬುದೂ ಅವನಿಗೆ ಗೊತ್ತಿತ್ತು.

ಒಂದು ಸ್ವರ ಹೊರಡಿಸುವುದು ಕಷ್ಟವಾಗಲಿಲ್ಲ. ಹಳೆಯ ರೇಡಿಯೋದ ವಾಲ್ವುಗಳಲ್ಲೇ ಅದಾಯಿತು. ಕಷ್ಟ ಬಂದದ್ದು ಪಂಪ್‌ಸೆಟ್ಟುಗಳಿಂದ. ಸುತ್ತ ಗದ್ದೆಗಳಲ್ಲಿ ಮೋಟಾರು ಶುರುವಾದರೆ ಊರಿನ ವೋಲ್ಟೇಜು ಇಳಿಯುತ್ತಿತ್ತು, ಜೊತೆಗೆ ಪೆಟ್ಟಿಗೆಯ ಸ್ವರವೂ ಮುದುಕ ನೆಲಕ್ಕೆ ಕೂರುವ ಹಾಗೆ ನರಳುತ್ತ ಇಳಿಯುತ್ತಿತ್ತು. ಮೋಟಾರು ನಿಂತರೆ ಕುತ್ತಿಗೆ ಎತ್ತುತ್ತಿತ್ತು. ಗೋಡೆಗೆ ಹಾಕುವ ಸ್ಟೆಬಿಲೈಸರ್ ತಂದು ನೋಡಿದ. ಅದು ಕಟಕ್ ಕಟಕ್ ಎಂದು ಮೆಟ್ಟಿಲು ಹತ್ತಿ ಇಳಿಯುತ್ತದೆ. ಸ್ವರವೂ ಮೆಟ್ಟಿಲು ಹತ್ತಿ ಇಳಿಯಿತು. ಹಾಗಾದರೆ ಪೆಟ್ಟಿಗೆಯ ಒಳಗೇ, ಆ ಮುನ್ನೂರು ವೋಲ್ಟಿನ ಹತ್ತಿರವೇ ಹಿಡಿದು ನಿಲ್ಲಿಸಬೇಕು.

ಸೂಳೆಕೆರೆ ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೆರೆಗೆ ಎಷ್ಟೇ ನೀರು ಬರಲಿ, ಕೋಡಿಯ ಮಟ್ಟ ಮೀರಿದ್ದು ಹೊರಗೆ ಹರಿದುಹೋಗುತ್ತದೆ. ಕೆರೆಯ ನೀರು ಕೋಡಿಯ ಮಟ್ಟಕ್ಕೇ ನಿಲ್ಲುತ್ತದೆ. ಕರೆಂಟಿಗೂ ಅಂಥ ಒಂದು ಕೋಡಿ ಬೇಕು. ಅದಕ್ಕೆ ರೆಗ್ಯುಲೇಟರ್ ಎನ್ನುತ್ತಾರೆ. ಅಷ್ಟು ದೊಡ್ಡ ವೋಲ್ಟೇಜಿಗೆ ಹಾಲೇಶಪ್ಪನ ಕೈಗೆ ಸಿಕ್ಕಿದ್ದು ಎರಡು ಬಗೆಯ ಕೋಡಿ.

ಒಂದು, ದಾವಣಗೆರೆಯಿಂದ ತಂದ ಜೀನರ್ ಡಯೋಡುಗಳು. ಹೊಸ ಕಾಲದವು, ಜೋಳದ ಕಾಳಿನಷ್ಟು. ಒಂದೊಂದೂ ಸ್ವಲ್ಪವೇ ವೋಲ್ಟು ಹಿಡಿಯುವುದರಿಂದ ಹಲವನ್ನು ಸರದ ಹಾಗೆ ಪೋಣಿಸಬೇಕು. ಒಂದು ತಿರುಗುಮುರುಗಾದರೂ ಲೆಕ್ಕ ತಪ್ಪುತ್ತದೆ. ಯಾವ ತುದಿ ಯಾವುದು ಎಂದು ತಿಳಿಯಲು ಒಂದು ಕಡೆ ಬಣ್ಣದ ಉಂಗುರ ಬರೆದಿರುತ್ತಾರೆ. ಹಾಲೇಶಪ್ಪ ಒಂದನ್ನು ಬೆರಳ ತುದಿಯಲ್ಲಿ ಉರುಳಿಸಿದ, ನಾಲಿಗೆಯ ತುದಿಗೂ ಇಟ್ಟು ನೋಡಿದ. ಎರಡೂ ಕಡೆ ಒಂದೇ ನುಣುಪು.

ಇನ್ನೊಂದು, ಗುಜರಿಗೆ ಬಿದ್ದಿದ್ದ ಮಿಲಿಟರಿ ವೈರ್‌ಲೆಸ್ಸಿನಿಂದ ಬಿಚ್ಚಿದ್ದ ಗಾಜಿನ ಕೊಳವೆ. ಹಿಡಿತುಂಬ ಇತ್ತು. ಬುಡದಲ್ಲಿ ಎಂಟು ಕಾಲು, ನಡುವೆ ಒಂದು ಗೂಟ, ಗೂಟಕ್ಕೊಂದು ಏಣು. ಆ ಏಣು ಸಾಕೆಟ್ಟಿನ ಸೀಳಿಗೆ ಕೂತರೆ ಸರಿ, ಇಲ್ಲದಿದ್ದರೆ ಅದು ಒಳಗೇ ಇಳಿಯದು. ತಪ್ಪು ಮಾಡಬೇಕೆಂದರೂ ಆಗದು. ಉಳಿದ ವಾಲ್ವುಗಳಂತೆ ಅದರೊಳಗೆ ಕಾಯುವ ಬತ್ತಿಯಿಲ್ಲ. ಒಂದಿಷ್ಟು ಅನಿಲವಿದೆ, ಅಷ್ಟೇ. ವೋಲ್ಟೇಜು ಮಟ್ಟ ಮೀರಿದರೆ ಆ ಅನಿಲವೇ ಹೊತ್ತಿಕೊಂಡು ಹೆಚ್ಚಿನದನ್ನು ತನ್ನೊಳಗಿನಿಂದ ಹರಿಯಬಿಡುತ್ತದೆ.

"ಡಯೋಡಿನ ಉಂಗುರ ಯಾವ ಕಡೆ ಐತೆ ಅಂತ ನಾನು ಹೇಳ್ತೀನಲ್ಲ" ಎಂದಳು ದ್ಯಾಮಮ್ಮ. "ನಿಮ್ಮಣ್ಣಗೆ ಯಾರು ಹೇಳಾಕೆ ಹೋಗ್ತಾರೆ?"

"ನಂಗೆ ಗೊತ್ತಿರ್ತೈತಲ್ಲ" ಎಂದ ಅವನು. ಡಯೋಡುಗಳು ಸುಣ್ಣದ ಡಬ್ಬಿ ಸೇರಿದವು. ಕೊಳವೆ ಪೆಟ್ಟಿಗೆಗೆ ಹೋಯಿತು.

ಮೊದಲ ಸಲ ಹೊತ್ತಿಸಿದ ದಿನ ಬಾಗಿಲು ಹಾರುಹೊಡೆದಿತ್ತು. ಬಣ್ಣ ಹೇಗಿದೆ ಎಂದು ಕೇಳಿದ. "ನೇರಳೆ ಹಣ್ಣು ಹಿಂಡಿದಂಗೆ ಐತೆ. ಒಳಗೆ ಏನೂ ಉರೀತಿಲ್ಲ ರೀ. ಬರೀ ಬೆಳಕೇ ನಿಂತೈತೆ" ಎಂದು ದ್ಯಾಮಮ್ಮ ದನಿ ತಗ್ಗಿಸಿ ಹೇಳಿದಳು. ಸ್ವರ ಕಂಬದಂತೆ ನಿಂತಿತ್ತು.

ಮರುದಿನ ಸ್ವರವನ್ನು ಶ್ರುತಿಗೆ ಕೂಡಿಸಬೇಕಿತ್ತು. ಹೊಲಿಗೆ ಯಂತ್ರದ ಸದ್ದು ಅಡ್ಡ ಬರುತ್ತದೆಂದು ಬಾಗಿಲು ಮುಚ್ಚಿಕೊಂಡ. ಆ ಕೋಣೆಗೆ ಕಿಟಕಿಯಿಲ್ಲ, ಹಿಂದೆ ಕಾಳು ತುಂಬಿಡುತ್ತಿದ್ದ ಕೋಣೆ ಅದು. ಕುರುಡನಿಗೆ ಕಿಟಕಿ ಯಾಕೆಂದು ಅವನೇ ಆರಿಸಿಕೊಂಡಿದ್ದ. ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟುಕೊಂಡೇ ಸ್ವಿಚ್ ಒತ್ತಿದ. ಪೆಟ್ಟಿಗೆ ಅಳತೊಡಗಿತು.

ಅಂದಿನಿಂದ ಹೀಗೇ. ಅವನೊಬ್ಬನೇ ಇದ್ದರೆ ಅಳು. ದ್ಯಾಮಮ್ಮ ಬಂದರೆ ನೆಟ್ಟಗೆ ನಿಂತ ಸ್ವರ. ಅವಳು ಹೋದ ಮೇಲೂ ಸ್ವರ ಕೆಡುತ್ತಿರಲಿಲ್ಲ. ಆರಿಸಿ, ಬಾಗಿಲು ಮುಚ್ಚಿ, ಮತ್ತೆ ಅವನೊಬ್ಬನೇ ಹಚ್ಚಿದರೆ ಅಳು. ಒಂದು ದಿನ ದುರುಗಕ್ಕನೇ ಮಜ್ಜಿಗೆ ತಂದು ಬಾಗಿಲು ದೂಡಿದಳು. ಆಗಲೂ ನಿಂತಿತು.

"ನನ್ನ ಕಂಡ್ರೆ ಹೆದರ್ತೈತೆ ಕಣಪ್ಪ ನಿನ್ನ ಕೂಸು" ಎಂದು ಅವಳು ನಕ್ಕಳು. ಆಮೇಲೆ ನಗು ಅಲ್ಲಿಗೇ ಬಿಟ್ಟು, ಲೋಟವನ್ನು ಹೊಸಲಿನ ಮೇಲೇ ಇಟ್ಟು ಹೋದಳು. ಮುಂದೆ ಆ ಕೋಣೆಯ ಕಡೆ ಬರಲಿಲ್ಲ.

ಹಾಲೇಶಪ್ಪ ಬೆಸುಗೆಗಳನ್ನೆಲ್ಲ ಕಿತ್ತು ಮತ್ತೆ ಹಾಕಿದ. ದ್ಯಾಮಮ್ಮ ಈಚೆಗೆ ಅಳು ಕೇಳಿದ ಕೂಡಲೇ ಎದ್ದು ಬರುತ್ತಾಳೆಂಬುದನ್ನು ಅವನು ಗಮನಿಸಿದ್ದ. ಕತ್ತರಿ ಕೆಳಗೆ ಬೀಳುವ ಸದ್ದಾಗುತ್ತಿತ್ತು, ಅಷ್ಟು ಆತುರ. ಬಂದು ಬಾಗಿಲು ತೆರೆದು, ಅದು ಸುಮ್ಮನಾದ ಮೇಲೆ, ಉಸಿರು ಬಿಡುತ್ತಿದ್ದಳು. ಒಮ್ಮೆ ಅವಳ ಕಡೆಯಿಂದ ಏನೋ ಸದ್ದು ಬಂತು. ಶ್ ಶ್ ಎಂದಳೋ, ಸೆರಗಿನ ಸದ್ದೋ, ಅವನು ವಿಚಾರಿಸಲಿಲ್ಲ.

ಮಾತು ಕೊಟ್ಟ ಸೋಮವಾರ ಬಂತು. ಪೆಟ್ಟಿಗೆಯನ್ನು ಬಸ್ಸಿನಲ್ಲಿ ಒಯ್ದರು. ಪಂಚಾಕ್ಷರಪ್ಪ ಜಗಳೂರಿನಿಂದ ನೇರವಾಗಿ ಅಲ್ಲಿಗೇ ಬಂದಿದ್ದ. ಗದ್ದುಗೆಯ ಕೋಣೆಗೆ ಬಗ್ಗಿ ಹೋಗಬೇಕು. ಒಳಗೆ ತಂಪು, ವಿಭೂತಿಯ ವಾಸನೆ, ಕೆರೆಯ ಕೆಸರಿನ ವಾಸನೆ. ಅಯ್ಯನವರು ಪೆಟ್ಟಿಗೆಯ ಮೇಲೆ ಮಡಿಬಟ್ಟೆ ಹೊದಿಸಿ, ನಮಸ್ಕರಿಸಿ, ಶುರು ಮಾಡಪ್ಪ ಎಂದರು.

ಮುಚ್ಚಿದ ಪೆಟ್ಟಿಗೆ ಅಳತೊಡಗಿತು. ಕಲ್ಲಿನ ಕೋಣೆಯಾದ್ದರಿಂದ ಅಳು ನಾಲ್ಕು ಗೋಡೆಗೂ ತಾಕಿ ಹಿಂದೆ ಬಂತು. ತಾಳ ಹಿಡಿದವರ ಕೈ ನಿಂತಿತು. "ಗದ್ದುಗೆಯಾಗೆ ಅಳು ಕೇಳಬಾರದವ್ವ" ಎಂದು ಹಿಂದಿನಿಂದ ಮುದುಕಿಯೊಬ್ಬಳ ದನಿ. ಯಾರೋ ಎದ್ದು ಹೊರಗೆ ಹೋದರು. ಹಾಲೇಶಪ್ಪನ ಬೆರಳು ಸ್ವಿಚ್ಚಿನ ಗುಬುಟಿನ ಮೇಲೇ ಇತ್ತು. ಅಯ್ಯನವರೇ ಬಟ್ಟೆ ಸರಿಸಿ ಪೆಟ್ಟಿಗೆಯ ಮುಚ್ಚಳ ಎತ್ತಿದರು. ದೀಪದ ಎದುರಿಗೇ ಎತ್ತಿದರು. ಅಳು ನಿಂತುಹೋಯಿತು. ಶ್ರುತಿ ಹೊರಟಿತು. ಆದರೆ ಹಾಡಲು ಯಾರಿಗೂ ಬಾಯಿ ಬರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಕೂತು ಪಂಚಾಕ್ಷರಪ್ಪ ಬಹಳ ಹೊತ್ತು ಎಲೆ ಮಡಿಸುತ್ತಿದ್ದ.

"ದ್ಯಾಮವ್ವ ಬಂದ್ರೆ ಸುಮ್ನಾಗ್ತೈತಂತೆ. ಅಯ್ನೋರು ಮುಟ್ಟಿದ್ರೆ ಸುಮ್ನಾತು. ನಿನ್ನ ಕೈಯಾಗೆ ಮಾತ್ರ ಅಳ್ತೈತೆ. ಏನಪ್ಪ ಅದರ ಅರ್ಥ?"

ಹಾಲೇಶಪ್ಪ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಬರೋ ಸೋಮವಾರ ತಂಕ ನೋಡು. ಆಮೇಲೆ ಸಾಮಾನು ಕಟ್ರಿ."

ಬಸ್ಸಿನಲ್ಲಿ ಬರುವಾಗ ಪೆಟ್ಟಿಗೆ ಅವನ ತೊಡೆಯ ಮೇಲಿತ್ತು. ಅಣ್ಣನ ಮಾತು ಅದರ ಜೊತೆ ಕೂತಿತ್ತು. ಕಣ್ಣಿದ್ದವರು ಯಾರು ಬಂದರೂ ಅದಕ್ಕೆ ತಿಳಿಯುತ್ತದೆ. ಕಣ್ಣಿಲ್ಲದವನು ಹಚ್ಚಿದರೂ ತಿಳಿಯುತ್ತದೆ. ನಿರ್ಜೀವ ಗಾಜಿಗೆ ಇದು ಹೇಗೆ ತಿಳಿಯುತ್ತದೆ? ತಿಳಿಸುವವರು ಯಾರು?

ಆ ವಾರದ ನಡುವೆ ಒಂದು ಮಧ್ಯಾಹ್ನ ದ್ಯಾಮಮ್ಮ ದುರುಗಕ್ಕನ ಮನೆಗೆ ಹಪ್ಪಳ ಒತ್ತಲು ಹೋಗಿದ್ದಳು. ಆಷಾಢದ ಗಾಳಿ ಹೆಂಚಿನ ಮೇಲೆ ಓಡಾಡುತ್ತಿತ್ತು. ಹಾಲೇಶಪ್ಪ ಬಾಗಿಲು ಮುಚ್ಚಿ ಪೆಟ್ಟಿಗೆ ಹಚ್ಚಿದ. ಅಂದು ಏನನ್ನೂ ತಿದ್ದಲು ಹೋಗಲಿಲ್ಲ. ಅಳಲಿ ಎಂದು ಬಿಟ್ಟ. ಎರಡು ಕೈಯನ್ನೂ ಮೇಜಿನ ಮೇಲಿಟ್ಟುಕೊಂಡು, ಯಾರದೋ ಗೋಳನ್ನು ಕೇಳುವವನಂತೆ ಕೇಳುತ್ತ ಕೂತ. ಕೇಳುತ್ತ ಕೇಳುತ್ತ ಅದು ಪೆಟ್ಟಿಗೆಯದು ಎಂಬುದೇ ಮರೆಯುತ್ತ ಬಂತು. ಆ ಹೆಸರಿಲ್ಲದ ಕೂಸಿನ ಅಳು ಹೇಗಿತ್ತು ಎಂದು ನೆನೆಯಲು ಹೋದ, ನೆನಪಾಗಲಿಲ್ಲ. ಆಗ ಅವನಿಗೆ ಕಣ್ಣಿತ್ತು, ಮುಖ ನೋಡಿದ್ದ. ದನಿಯನ್ನು ಕಿವಿಗಿಟ್ಟುಕೊಂಡಿರಲಿಲ್ಲ.

ಬಾಗಿಲ ತಿರುಗಣಿ ಕಿರ್ ಎಂದಿತು. ಅಳು ನಿಂತಿತು.

"ದ್ಯಾಮವ್ವಾ?"

ಬಳೆಯ ಸದ್ದಿಲ್ಲ, ಹೆಜ್ಜೆಯಿಲ್ಲ. ಸ್ವರ ನೆಟ್ಟಗೆ ನಿಂತಿತ್ತು.

"ಯಾರು ಬಂದೋರು?"

ಹೊಸಲಿನಲ್ಲಿ ಯಾರೋ ನಿಂತಿದ್ದಾರೆ ಎಂದು ಅವನ ಮೈಯೆಲ್ಲ ಹೇಳಿತು. ಉಸಿರು ಹಿಡಿದು ಇನ್ನೊಬ್ಬರ ಉಸಿರಿಗಾಗಿ ಕಿವಿಗೊಟ್ಟ. ಕೇಳಿಸಲಿಲ್ಲ. ಉಸಿರಿಲ್ಲದ್ದು ಬಂದಿದೆ ಎಂದುಕೊಂಡ. ಹೆದರಿಕೆಗಿಂತ ಹೆಚ್ಚಾಗಿ ಒಂದು ನಾಚಿಕೆ ಅವನನ್ನು ಹಿಡಿಯಿತು. ಬಂದದ್ದಕ್ಕೆ ಕರೆಯಲು ತನ್ನಲ್ಲಿ ಒಂದು ಹೆಸರೂ ಇಲ್ಲವಲ್ಲ ಎಂದು. "ಒಳಗೆ ಬಾ" ಎಂದ, ತನಗೇ ಕೇಳಿಸದಷ್ಟು ಮೆಲ್ಲಗೆ.

ಆಗ ಎಡಗೈಯ ಮೇಲೆ ಏನೋ ಬೆಚ್ಚಗಾಯಿತು.

ಬೆರಳುಗಳ ಮೇಲೆ ಒಂದು ಪಟ್ಟಿಯಷ್ಟು ಮಾತ್ರ. ಮಣಿಕಟ್ಟಿನ ಮೇಲಿಲ್ಲ. ಚಿಕ್ಕ ಅಂಗೈಯೊಂದು ಇಟ್ಟ ಹಾಗೆ, ಆದರೆ ತೂಕವಿಲ್ಲ. ಅವನು ಅಲ್ಲಾಡದೆ ಕೂತ. ಎಷ್ಟೋ ಹೊತ್ತಿನ ಮೇಲೆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ತಣ್ಣಗಾಯಿತು. ಮತ್ತೆ ಅಲ್ಲಿಗೇ ತಂದ. ಬೆಚ್ಚಗಾಯಿತು.

ಬಿಸಿಲು.

ಪಡುವಣಕ್ಕೆ ತೆರೆದ ಮುಂಬಾಗಿಲಿನಿಂದ ನಡುಮನೆ ದಾಟಿ, ಗಾಳಿ ತಳ್ಳಿದ ಕೋಣೆಯ ಬಾಗಿಲ ಸಂದಿನಿಂದ, ಇಳಿಹೊತ್ತಿನ ಬಿಸಿಲು ಮೇಜಿನವರೆಗೆ ಬಂದಿತ್ತು. ಅವನು ಎದ್ದ. ಆ ಬೆಚ್ಚನೆಯನ್ನೇ ಹಗ್ಗದಂತೆ ಹಿಡಿದು ಬಾಗಿಲಿಗೆ ಹೋದ. ಅಲ್ಲಿ ಯಾರೂ ಇರಲಿಲ್ಲ. ಬಾಗಿಲು ಮುಚ್ಚಿದ, ಚಿಲಕ ಹಾಕಿದ, ಪೆಟ್ಟಿಗೆ ಆರಿಸಿದ. ಬಿದಿರುಕಡ್ಡಿ ಮುಟ್ಟಿಸಿದ. ಚಟ್. ನಮಃ ಶಿವಾಯ. ಚಟ್. ಮತ್ತೆ ಹಚ್ಚಿದ. ಅಳು. ಚಿಲಕ ತೆಗೆದು ಬಾಗಿಲು ಎಳೆದ. ನೆಟ್ಟಗಿನ ಸ್ವರ.

ಮತ್ತೊಮ್ಮೆ ಮಾಡಿದ. ಇನ್ನೊಮ್ಮೆ ಮಾಡಿದ.

ಆ ಕೊಳವೆಗೆ ಹೊತ್ತಿಕೊಳ್ಳಲು ಒಂದು ಹನಿ ಬೆಳಕು ಬೇಕು. ಬೆಳಕಿನಲ್ಲಿ ಅದರ ಅನಿಲ ಬೇಗ ಎಚ್ಚರಗೊಳ್ಳುತ್ತದೆ. ಪೂರಾ ಕತ್ತಲಲ್ಲಿ ಹೆಚ್ಚು ವೋಲ್ಟು ಬೇಡುತ್ತದೆ. ಚನ್ನಗಿರಿಯ ಬಡಕಲು ಕರೆಂಟಿನಲ್ಲಿ ಆ ಹೆಚ್ಚಿನದು ಎಲ್ಲಿಂದ ಬರಬೇಕು? ಉಳಿದ ವಾಲ್ವುಗಳ ಬತ್ತಿಯ ಬೆಳಕಾದರೂ ತಾಕುತ್ತಿತ್ತೇನೋ, ಗುಂಯ್ ಸದ್ದು ಬಾರದಿರಲೆಂದು ಅವಕ್ಕೆಲ್ಲ ಅವನೇ ತಗಡಿನ ಟೊಪ್ಪಿಗೆ ಹಾಕಿದ್ದ. ಕೋಡಿ ತೆರೆಯದೆ ಹೋದಾಗ ವೋಲ್ಟೇಜು ಮನಬಂದಂತೆ ಏರಿಳಿದು ಸ್ವರ ಅಳುತ್ತಿತ್ತು. ಒಮ್ಮೆ ಹೊತ್ತಿದರೆ ಮುಗಿಯಿತು, ಆಮೇಲೆ ಕತ್ತಲಾದರೂ ಚಿಂತೆಯಿಲ್ಲ. ನೋಡಲು ಬಂದವರೆಲ್ಲ ಬೆಳಕನ್ನು ಜೊತೆಗೇ ತರುತ್ತಿದ್ದರು. ಆರಿದ ಕೊಳವೆಯನ್ನು ಯಾರೂ ನೋಡಲು ಸಾಧ್ಯವೇ ಇರಲಿಲ್ಲ. ಕಣ್ಣಿದ್ದ ಯಾವ ಮೆಕ್ಯಾನಿಕ್ಕೂ ಕತ್ತಲೆ ಕೋಣೆಯಲ್ಲಿ ಕೂತು ಸೆಟ್ಟು ಕಟ್ಟುವುದಿಲ್ಲ. ಆ ತಪ್ಪು ಅವನೊಬ್ಬನಿಗೇ ಕಾದಿತ್ತು.

ದ್ಯಾಮಮ್ಮ ಬಂದಾಗ ಎಲ್ಲ ಹೇಳಿದ. ಹೇಳುವ ಖುಷಿಯಲ್ಲಿ ಅವಳು ಮಾತಾಡದಿದ್ದದ್ದು ತಡವಾಗಿ ತಿಳಿಯಿತು.

"ಅಂದ್ರೆ ನಾನು ಬಂದದ್ದಕ್ಕೆ ಸುಮ್ನಾಗ್ತಿರಲಿಲ್ಲ" ಎಂದಳು ಕೊನೆಗೆ.

"ಇಲ್ಲ. ನೀನು ಬಾಗಿಲು ತೆಗೆದದ್ದಕ್ಕೆ."

"ಹ್ಞೂಂ." ಅವಳು ಹೊಲಿಗೆ ಯಂತ್ರದ ಮುಂದೆ ಕೂತ ಸದ್ದಾಯಿತು. ಚಕ್ರ ತಿರುಗಲಿಲ್ಲ.

ಪೆಟ್ಟಿಗೆಯನ್ನಂತೂ ತೆರೆದಿಡಲು ಬರುವುದಿಲ್ಲ. ಮುನ್ನೂರು ವೋಲ್ಟು ಗದ್ದುಗೆಯ ಮುಂದೆ ಬಾಯಿ ತೆರೆದು ಕೂರಬಾರದು. ಹಾಲೇಶಪ್ಪ ಸುಣ್ಣದ ಡಬ್ಬಿ ತೆಗೆದು ಡಯೋಡುಗಳನ್ನು ಅಂಗೈಗೆ ಸುರಿದುಕೊಂಡ. ಅವಕ್ಕೆ ಬೆಳಕು ಬೇಡ. ಇನ್ನೊಬ್ಬರ ಕಣ್ಣು ಬೇಕು. ಕೊಳವೆಗೆ ಯಾರ ಕಣ್ಣೂ ಬೇಡ. ಬೆಳಕು ಬೇಕು. ಅಂಗೈಯನ್ನು ಹಾಗೇ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ. ಆಮೇಲೆ ಡಯೋಡುಗಳನ್ನು ಮತ್ತೆ ಡಬ್ಬಿಗೆ ಹಾಕಿ, ಕಪಾಟಿನ ತಳದಲ್ಲಿ ತಡಕಾಡಿದ. ಹಳೆಯ ರೇಡಿಯೋಗಳಲ್ಲಿ ಸ್ಟೇಷನ್ನಿನ ಹೆಸರು ಬರೆದ ಗಾಜಿನ ಹಿಂದೆ ಒಂದು ಪುಟ್ಟ ಬಲ್ಬು ಉರಿಯುತ್ತಿರುತ್ತದೆ. ಕಣ್ಣು ಹೋದ ಮೇಲೆ ಅಂಥ ಬಲ್ಬುಗಳನ್ನು ಅವನು ಬದಲಾಯಿಸುವುದನ್ನೇ ಬಿಟ್ಟಿದ್ದ. ಒಂದು ಸಿಕ್ಕಿತು.

ಅದನ್ನು ಕೊಳವೆಯ ಮಗ್ಗುಲಿಗೇ ಕೂರಿಸಿ, ವಾಲ್ವುಗಳ ಬತ್ತಿಗೆ ಹೋಗುವ ತಂತಿಯಿಂದಲೇ ಕರೆಂಟು ಕೊಟ್ಟ. ಉರಿಯುತ್ತಿದೆಯೇ ಎಂದು ಯಾರನ್ನೂ ಕೇಳಲಿಲ್ಲ. ತೋರುಬೆರಳನ್ನು ಅದರ ಮೇಲಿಟ್ಟು, ಬಿಸಿಯಾಗುವ ತನಕ ಕಾದ. ಮುಚ್ಚಳ ಹಾಕಿದ, ಕೋಣೆಯ ಬಾಗಿಲು ಹಾಕಿದ, ಹಚ್ಚಿದ. ಅಳಲಿಲ್ಲ. ಬಾಗಿಲ ಹೊರಗೆ ದ್ಯಾಮಮ್ಮ ಬಂದು ನಿಂತದ್ದು ಅವನಿಗೆ ಗೊತ್ತಾಯಿತು. ಅವಳು ಬಾಗಿಲು ತೆರೆಯಲಿಲ್ಲ. ತೆರೆಯುವ ಕೆಲಸವೇನೂ ಇರಲಿಲ್ಲ.

ಸೋಮವಾರ ಪಂಚಾಕ್ಷರಪ್ಪ ತಾನೇ ಮುಚ್ಚಳದ ಕೊಂಡಿ ಹಾಕಿದ, ತಾನೇ ಬಟ್ಟೆ ಹೊದಿಸಿದ, ಅದೂ ಸಾಲದೆಂದು ಬಟ್ಟೆಯ ಮೇಲೆ ತನ್ನ ಶಾಲನ್ನೂ ಎಳೆದ. ಹಾಲೇಶಪ್ಪ ಗುಬುಟು ತಿರುಗಿಸಿದ. ಸ್ವರ ಹೊರಟಿತು. ಭಜನೆಯ ನಡುವೆ ಕೆರೆಯ ಕೆಳಗಿನ ಗದ್ದೆಗಳಲ್ಲಿ ಮೋಟಾರುಗಳು ಶುರುವಾದದ್ದು ದೂರದಿಂದ ಕೇಳಿಸಿತು. ಅಯ್ಯನವರ ದನಿ ಒಮ್ಮೆ ಇಳಿಯಲು ನೋಡಿತು, ಪೆಟ್ಟಿಗೆಯ ದನಿ ಇಳಿಯಲಿಲ್ಲ. ಮಂಗಳಾರತಿಯವರೆಗೂ ಅದು ಅಲ್ಲಾಡಲಿಲ್ಲ.

ಹೊರಗೆ ಬಂದು ಚಪ್ಪಲಿ ಹುಡುಕುತ್ತ ಪಂಚಾಕ್ಷರಪ್ಪ, "ನಮ್ಮನೆ ರೇಡಿಯೋ ಒಂದು ಗೊರಗೊರ ಅಂತೈತೆ. ಮುಂದಿನ ಸಲ ಬರೋವಾಗ ತರ್ತೀನಿ, ನೋಡು" ಎಂದ.

"ತಗಂಬಾ ಅಣ್ಣ."

"ಕಡ್ಡಿ ಮಾತ್ರ ಎರಡು ಸಲ ಮುಟ್ಟಿಸು."

"ಮುಟ್ಟಿಸ್ತೀನಿ."

ಹಾಲೇಶಪ್ಪ ಜಗಳೂರಿಗೆ ಹೋಗಲಿಲ್ಲ. ಎಂಬತ್ತರ ದಶಕದಲ್ಲಿ ವಾಲ್ವ್ ರೇಡಿಯೋಗಳು ಒಂದೊಂದಾಗಿ ಅಟ್ಟ ಸೇರುವ ತನಕ ಅದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದ. ಗದ್ದುಗೆಯ ಪೆಟ್ಟಿಗೆಯೊಳಗಿನ ಪುಟ್ಟ ಬಲ್ಬು ಆಗೀಗ ಸುಟ್ಟುಹೋಗುತ್ತಿತ್ತು. ಆಗ ಪೆಟ್ಟಿಗೆ ಅಳುತ್ತಿತ್ತು. ಈಗ ಯಾರೂ ಹೆದರುತ್ತಿರಲಿಲ್ಲ. ಒಳಗಿನ ನಂದಾದೀಪ ಆರಿದೆ ಎಂದು ಅಯ್ಯನವರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸುತ್ತಿದ್ದರು. ಗಂಡಹೆಂಡಿರಿಬ್ಬರೂ ಹೋಗುತ್ತಿದ್ದರು. ದ್ಯಾಮಮ್ಮನ ಅಗತ್ಯ ಅಲ್ಲಿರಲಿಲ್ಲ, ಆದರೂ ಅವಳು ಒಂದು ಸಲವೂ ತಪ್ಪಿಸಲಿಲ್ಲ.

ಹಾಗೆ ಹೋಗಿದ್ದ ಒಂದು ದಿನ, ಬೆಳಗಿನ ಪೂಜೆ ಮುಗಿದು ಅಯ್ಯನವರು ಹೊರಗೆ ಹೋಗಿದ್ದರು. ಹಾಲೇಶಪ್ಪ ಹೊಸ ಬಲ್ಬನ್ನು ಕೈಯಲ್ಲಿ ಹಿಡಿದಿದ್ದ.

"ಸ್ವಲ್ಪ ತಾಳ್ರಿ" ಎಂದಳು ದ್ಯಾಮಮ್ಮ. "ಮುಚ್ಚಳ ಹಾಕಿ ಒಂದ್ಸಲ ಹಚ್ರಿ."

ಅವನು ಮುಚ್ಚಳ ಹಾಕಿ, ಬಟ್ಟೆ ಹೊದಿಸಿ, ಹಚ್ಚಿದ. ಕತ್ತಲಲ್ಲಿ ಪೆಟ್ಟಿಗೆ ಅಳತೊಡಗಿತು. ಅವಳು ಅದರ ಮುಂದೆ ಕೂತಳು. ಬಳೆಯ ಸದ್ದು ಪೆಟ್ಟಿಗೆಯ ಮೇಲೆ ಸರಿದು ನಿಂತಿತು, ಕೈ ಇಟ್ಟಿರಬೇಕು. ಮಾತೇನೋ ಆಡಿದಳು. ಅದು ಒಂದು ಹೆಸರಿನಂತೆ ಇತ್ತು, ಅವನು ಎಂದೂ ಕೇಳಿರದ ಹೆಸರು.

ಅಳು ನಿಂತಿತು. ಸ್ವರ ನೆಟ್ಟಗಾಯಿತು.

ಅವಳು ಮುಚ್ಚಳದ ಕೊಂಡಿ ತೆಗೆದ ಸದ್ದು ಕೇಳಿಸಿದ್ದು ಆಮೇಲೆ.

ಎಂದಾದರೊಮ್ಮೆ ಕತ್ತಲಲ್ಲೂ ಕೊಳವೆ ತಾನಾಗಿ ಹೊತ್ತಿಕೊಳ್ಳುವುದುಂಟು ಎಂದು ಹಾಲೇಶಪ್ಪನಿಗೆ ಗೊತ್ತಿತ್ತು. ಅವನು ಅದನ್ನು ಹೇಳಲಿಲ್ಲ.

"ಈಗ ಬಲ್ಬು ಹಾಕ್ರಿ" ಎಂದಳು ದ್ಯಾಮಮ್ಮ. ಅವನು ಪೆಟ್ಟಿಗೆ ಆರಿಸಿ, ಬಿದಿರುಕಡ್ಡಿಗಾಗಿ ಕೈ ಚಾಚಿದ. ಅವಳೇ ಅದನ್ನು ಎತ್ತಿ ಅವನ ಬೆರಳುಗಳ ನಡುವೆ ಇಟ್ಟಳು.